ಬಲಮೂಲೆಯ ಹಕ್ಕಿ

ಮೊದಲ ಹಕ್ಕಿ ಇದ್ದದ್ದು ರಟ್ಟಿನ ಮೇಲೆ.
ದಕ್ಕೆಯಲ್ಲಿ ಬೋಟುಗಳಿಗೆ ಹೆಸರು ಬರೆಯುವ ದೂಮಣ್ಣ ಪುತ್ರನ್
ಡಬ್ಬಿಯ ತಳದಲ್ಲಿ ಉಳಿದ ಬಣ್ಣದಲ್ಲೇ ಬರೆದದ್ದು:
ನೀಲಿ ಕಡಲಹಕ್ಕಿ, ಕೆಳಗೆ ಹಳದಿಯಲ್ಲಿ ‘ಬೊಳ್ಪು’,
ತುಳುವಿನಲ್ಲಿ ಬೆಳಕು.
ಎಡರೆಕ್ಕೆ ನಾಲ್ಕು ಬೆರಳು ಜಾಸ್ತಿ ಉದ್ದ.
ಹಿಲರಿ ಪಾಯ್ಸರು ಕೊಟ್ಟದ್ದು ಎಪ್ಪತ್ತೈದು ರೂಪಾಯಿ,
ಮೇಲಿಂದ ಒಂದು ಚಾ, ಒಂದು ಪ್ಲೇಟು ಗೋಳಿಬಜೆ.

ಹಂಪನಕಟ್ಟೆಯ ಬೇಕರಿ ಮಾಳಿಗೆಯಲ್ಲಿ
ಸಂಜೆ ಏಳಕ್ಕೆ ನಾನು ರಟ್ಟು ಹಿಡಿದು ನಿಲ್ಲುತ್ತಿದ್ದೆ,
ಕ್ಯಾಮೆರಾ ಎದುರು, ಉಸಿರು ಬಿಗಿಹಿಡಿದು.
ಕೆಳಗೆ ಸಿಟಿ ಬಸ್ಸು ಬ್ರೇಕು ಹಾಕಿದರೆ
ನಾನೂರು ಮನೆಗಳಲ್ಲಿ ಹಕ್ಕಿ ನಡುಗುತ್ತಿತ್ತು.
ಆಮೇಲೆ ಅದನ್ನೇ ಚಿಕ್ಕದು ಮಾಡಿ
ಪರದೆಯ ಬಲಮೂಲೆಗೆ ಕೂರಿಸಿದೆವು.
ಆರು ವರ್ಷ ಅಲ್ಲಾಡದೆ ಕೂತಿತ್ತು.

ಕಂಪ್ಯೂಟರ್ ಬಂತು.
ಹಕ್ಕಿಗೆ ಚಿನ್ನದ ನೀರು ಹೊಯ್ದು ಗಿರಗಿರ ತಿರುಗಿಸಿದರು,
ಸುತ್ತಿಗೊಂದು ಮಿಂಚು, ಮಿಂಚಿಗೊಂದು ‘ಠಣ್’.
ಚಿನ್ನದಂಗಡಿಯವರು ಓಡಿಬಂದು ಜಾಹೀರಾತು ಕೊಟ್ಟರು.
ರೆಕ್ಕೆ ಎರಡನ್ನೂ ಅಳೆದು ಸಮ ಮಾಡಿದ್ದರು.
ದೂಮಣ್ಣ ನೋಡಿ ಹೇಳಿದ್ದು ಇಷ್ಟೇ:
“ಗಾಳಿಗೆ ಎದುರು ಹೊರಳುವಾಗ ಒಂದು ರೆಕ್ಕೆ ಉದ್ದ ಆಗ್ತದೆ ಮಾರಾಯ.
ಇದು ಹಾರುವುದಿಲ್ಲ. ಸುಮ್ಮನೆ ತಿರುಗ್ತದೆ.”

ಟಿವಿ ಅಗಲವಾದ ವರ್ಷ ಹಕ್ಕಿ ಉಬ್ಬಿತು.
“ಎಂಥ ಸಾವು ಇದು, ಬಾತುಕೋಳಿಯಾ?” ಫೋನಿನ ಮೇಲೆ ಫೋನು.
ಸರಿಮಾಡುವ ಹುಡುಗನಿಗೆ ಟೈಫಾಯ್ಡು,
ಒಂದು ವಾರ ಬಾತುಕೋಳಿಯನ್ನೇ ಬಿಟ್ಟೆವು.

ಪಾಯ್ಸರು ಮಾರಿದರು. ಮುಂಬಯಿಯವರು ಬಂದರು,
ಜೊತೆಗೆ ಅರವತ್ತು ಪುಟದ ಪುಸ್ತಕ:
ಹಕ್ಕಿಯ ಸುತ್ತ ಎಷ್ಟು ಖಾಲಿ ಬಿಡಬೇಕು,
ಯಾವ ಯಾವ ನೀಲಿ ಕೂಡದು.
ಕೊಕ್ಕು ಹೋಯಿತು, ಕಣ್ಣು ಹೋಯಿತು,
ಕೊನೆಗೆ ನೀಲಿಯೂ. ಉಳಿದದ್ದು ಒಂದು ಬಿಳಿ ಗೆರೆ,
ಲೆಕ್ಕದ ಮೇಷ್ಟ್ರು ಹಾಕುವ ರೈಟು ಗುರುತಿನ ಹಾಗೆ
(ಅದರಲ್ಲೂ ಒಂದು ಕಡೆ ಉದ್ದ ಉಂಟು, ಆದರೆ ಬಲಕ್ಕೆ).
‘ಬೊಳ್ಪು’ ಇದ್ದಲ್ಲಿ ಈಗ ಇಂಗ್ಲಿಷಿನ ಬಿ.
ನಡುರಾತ್ರಿ ಬದಲಿಸಿದವನು ನಾನೇ. ಒಂದು ಗುಂಡಿ.
ಒಬ್ಬರೂ ಫೋನು ಮಾಡಲಿಲ್ಲ.

ಮೊನ್ನೆ ಬಂದರಿನಲ್ಲಿ, ಶೀನ ಭಂಡಾರಿಯ ಸೆಲೂನು.
ಮುಖಕ್ಕೆಲ್ಲ ಸೋಪು, ಹಿಂದೆ ಗೋಡೆಗೆ ಆ ಹಳೇ ಡೊಳ್ಳುಹೊಟ್ಟೆ ಟಿವಿ.
ಕರೆಂಟು ಹೋಯಿತು.
ಕನ್ನಡಿಯಲ್ಲಿ ಬೂದು ಗಾಜು, ಗಾಜಿನ ಮೂಲೆಯಲ್ಲಿ
ಸುಟ್ಟು ಕೂತ ಕಲೆ, ಚಹಾದ ಬಣ್ಣ:
ಕೊಕ್ಕು ಉಂಟು. ಒಂದು ರೆಕ್ಕೆ ಉದ್ದ ಉಂಟು,
ಕನ್ನಡಿಯಾದ್ದರಿಂದ ಬಲದ್ದು.
ತಿರುಗಿ ನೋಡಲು ಹೊರಟೆ.
“ಅಲ್ಲಾಡಬೇಡಿ,” ಎಂದ ಶೀನ, ಕತ್ತಿ ಗಂಟಲ ಹತ್ತಿರ.
ಉಸಿರು ಬಿಗಿಹಿಡಿದು ಕೂತೆ.