ನೂರಾ ನಲವತ್ತನೆಯ ಕುಂಡ

ಊರೂರು ಲೆಕ್ಕ ತಪಾಸಣೆಗೆ ತಿರುಗುವ ನನಗೆ
ಇರುವುದು ಒಂದೇ ಚಟ:
ಬಸ್ಸಿಗೆ ಎರಡು ತಾಸು ಉಳಿದರೆ
ಇಲ್ಲೆಲ್ಲಾದರೂ ಗಾಜಿನ ಮನೆ ಇದೆಯಾ, ಕೇಳುವುದು.

ಊಟಿಯಲ್ಲಿ ಬಾಗಿಲು ದಾಟಿದ ಮೇಲೆ
ಕನ್ನಡಕ ಮಬ್ಬಾಗಿತ್ತು.
ಕಾರವಾರದ ಮೇ ತಿಂಗಳಲ್ಲಿ
ರಿಕ್ಷಾ ಹತ್ತುವಾಗಲೇ ಮಬ್ಬು.
'ಊರಿಗೂರೇ ಗಾಜಿನ ಮನೆ, ಇನ್ನೊಂದು ಯಾಕೆ ಅಕ್ಕೋರೆ?'
ನಕ್ಕ ರಿಕ್ಷಾದವ. ಆದರೂ
ಕಡವಾಡದ ರಸ್ತೆಗೆ ಹೊರಳಿಸಿದ.

ಗೇಟಿನೊಳಗೆ ಗೋಣಿತಟ್ಟು, ಒಣಹಾಕಿದ ಮುರುಗಲ ಸಿಪ್ಪೆ.
ಅದನ್ನು ಬಳಸಿ ಬಂದರು ರಮಾಕಾಂತ ಗುನಗಿ,
ಕೈಯಲ್ಲಿ ಝಾರಿ, ಕಿವಿಯ ಮೇಲೆ ಪೆನ್ಸಿಲ್ಲು.
'ಟಿಕೇಟು ಇಲ್ಲ. ಯಾರೂ ಬರೋದಿಲ್ಲವಲ್ಲ, ಹಾಗಾಗಿ.'

ಬೇರೆ ಕಡೆ ಗಾಜು ಬಿಸಿಲನ್ನು ಹಿಡಿದಿಡುತ್ತದೆ.
ಇಲ್ಲಿ ಅದರ ಕೆಲಸ ಮಳೆಯನ್ನು ಹೊರಗೆ ನಿಲ್ಲಿಸುವುದು.
ಒಡೆದ ಹನ್ನೊಂದು ಗಾಜಿಗೆ
ಜೂನ್ ಬರುವುದರೊಳಗೆ ತಾಡಪತ್ರಿ ಕಟ್ಟದಿದ್ದರೆ
ಮೆಕ್ಸಿಕೋದ ಕಳ್ಳಿಗಳು ಎಂಟೇ ದಿನಕ್ಕೆ
ಕೊಳೆತು ಕೂತುಬಿಡುತ್ತವೆ.
ಫಲಕದ ಹೆಸರು ಅವರು ಒಂದನ್ನೂ ಹೇಳಲಿಲ್ಲ.
ಇದು ಮುದುಕ, ಇದು ಚೇಳು,
ಇದು ನಮ್ಮ ಭಾವ, ದೂರದಿಂದಲೇ ಮಾತಾಡಿಸಬೇಕು.

ಅಭ್ಯಾಸಬಲ, ಎಣಿಸಿದೆ.
ಕುಂಡ ನೂರಾ ನಲವತ್ತು. ಫಲಕ ನೂರಾ ನಲವತ್ತು.
ಗಿಡ ನೂರಾ ಮೂವತ್ತೊಂಬತ್ತು.

ಮೂಲೆಯ ಕುಂಡಕ್ಕೆ ಗುನಗಿ ಝಾರಿ ಬಗ್ಗಿಸುತ್ತಿದ್ದರು.
ಮಡಗಾಸ್ಕರಿನದು, ಲ್ಯಾಟಿನ್ ಹೆಸರು,
ನನ್ನ ನಾಲಿಗೆ ಹೊರಳಲಿಲ್ಲ.
'ಸತ್ತಿದೆಯಲ್ಲ ಇದು?'
'ನಾಲ್ಕು ವರ್ಷ ಆಯ್ತು.
ರಿಜಿಸ್ಟರಿನಲ್ಲಿ ಇದೆ ನೋಡಿ.
ಹೊಡೆದುಹಾಕೋದಕ್ಕೆ ಮೂರು ಸಹಿ ಬೇಕು.
ನೀರಿಗೆ ಯಾರದೂ ಬೇಡ.'

ಬಗ್ಗಿ ನೋಡಿದೆ. ಪೂರ್ತಿ ಖಾಲಿಯಲ್ಲ.
ಒಂದು ತಗಟೆ ಸಸಿ,
ಮಳೆ ಬಿದ್ದರೆ ಗಟಾರದ ಅಂಚಿಗೆಲ್ಲ ಏಳುವಂಥದ್ದು,
ಮೂರು ವಾರ ಮೊದಲೇ ಬಂದುಬಿಟ್ಟಿತ್ತು,
ಯಾರೋ ಹೇಳಿದ ಹಾಗೆ.
'ಮನೆಯಲ್ಲಿ ಇದರದೇ ಪಲ್ಯ ಮಾಡ್ತಾಳೆ.
ಇದೊಂದನ್ನ ಮುಟ್ಟಬೇಡ ಅಂದಿದ್ದೇನೆ.'
ಬೆಳಕು ಇಳಿಯುತ್ತಿತ್ತು. ಸಸಿ
ಎಲೆಗೆ ಎಲೆ ಹಚ್ಚಿ ಮಡಚಿಕೊಳ್ಳತೊಡಗಿತು,
ಯಾರದೋ ಹೆಸರಿನ ಕೆಳಗೆ, ಸಂಕೋಚವಿಲ್ಲದೆ.

ನೂರಾ ನಲವತ್ತು, ಎಂದೆ.
ಅವರು ಪೆನ್ಸಿಲ್ಲು ಮುಟ್ಟಿ ನೋಡಿಕೊಂಡರು, ಬರೆಯಲಿಲ್ಲ.

ಹೊರಡುವಾಗ ಒಂದು ಹಿಡಿ ಮುರುಗಲ ಸಿಪ್ಪೆ,
ಹಳೇ ರಿಜಿಸ್ಟರಿನ ಹಾಳೆ ಹರಿದು ಕಟ್ಟಿಕೊಟ್ಟರು.
ಕುಮಟೆಯ ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿದೆ.
ಸಿಪ್ಪೆ ಇನ್ನೂ ಹಸಿ ಇತ್ತು.
ಅಂಕಣದಿಂದ ಅಂಕಣಕ್ಕೆ ನೇರಳೆ ಬಣ್ಣ ಹರಡಿ
ಒಟ್ಟು ಎಂದು ಬರೆದ ಕಡೆ
ಎಷ್ಟಿತ್ತೋ, ಓದಲಾಗಲಿಲ್ಲ.