ಹೆಸರಿನಲ್ಲಿರುವ ಲೋಪ ಸರಿಪಡಿಸುವ ಬಗ್ಗೆ

ಮಾನ್ಯರೇ,
ಪಾಂಡವಪುರ ತಾಲ್ಲೂಕು, ಚಿನಕುರಳಿ ಹೋಬಳಿಯ
ನೀರುಗಂಟಿ ಮಾಯಿಗಯ್ಯನ ಮಗಳಾದ ನಾನು
ಅರಿಕೆ ಮಾಡಿಕೊಳ್ಳುವುದು ಏನೆಂದರೆ

ರೇಷನ್ ಕಾರ್ಡಿನಲ್ಲಿ ನಾನು ರೂಪಮುದ್ರ.
ಆಧಾರಿನಲ್ಲಿ ಲೋಪಮುದ್ರ, ಎರಡು ದೀರ್ಘ ಕಡಿಮೆ.
ಅಂಗನವಾಡಿಯ ತೂಕದ ಪುಸ್ತಕದಲ್ಲಿ ಬರೀ ‘ಮಗು, ಹೆಣ್ಣು’.
ಶಾಲೆಯ ದಾಖಲೆಯಲ್ಲಿ ಮಾತ್ರ ಪೂರ್ತಿ ಇದ್ದೇನೆ, ಲೋಪಾಮುದ್ರಾ.
ಅದನ್ನು ಬರೆದ ಮೇಷ್ಟ್ರು ಕನ್ನಡಕ ತೆಗೆದು ಕೇಳಿದ್ದರು:
‘ನಿಮ್ಮ ಕೇರಿಯಲ್ಲಿ ಈ ಹೆಸರು ಯಾರಿಟ್ಟರಮ್ಮ?’

ಎಂಟನೇ ಕ್ಲಾಸಿನಲ್ಲಿ ಸಂಧಿ ಪಾಠ ಬಂತು.
ಮಾತು ಇಲ್ಲ ಸೇರಿ ಮಾತಿಲ್ಲ,
ಊರು ಊರು ಸೇರಿ ಊರೂರು,
ಮುಂದಿನ ಸ್ವರಕ್ಕೆ ಜಾಗ ಬಿಟ್ಟು ಹಿಂದಿನದು ಹೋಗಿಬಿಡುತ್ತದೆ,
ಇದಕ್ಕೆ ಲೋಪ ಅಂತಾರೆ ಅಂದದ್ದೇ ತಡ
ಮೂವತ್ತೆಂಟು ತಲೆ ನನ್ನ ಕಡೆ ತಿರುಗಿದವು.
ಆ ವರ್ಷವೆಲ್ಲ ನಾನು ಸಂಧಿ.
ಏ ಸಂಧಿ, ಬೋರು ಒತ್ತು. ಏ ಸಂಧಿ, ಜಾಗ ಬಿಡು.

ಅತ್ತ ರಾತ್ರಿ ಅಪ್ಪ ತೂಬಿನ ಹತ್ತಿರ ಕರೆದುಕೊಂಡು ಹೋದ.
ಕೊನೇ ಭಾಗದ ಗದ್ದೆಗೆ ನೀರು ಬಿಡುವ ಸರದಿ.
ಕಬ್ಬಿಣದ ಚಕ್ರ ತಿರುಗಿಸುತ್ತ, ನಡುನಡುವೆ ಉಸಿರು ಬಿಡುತ್ತ:

‘ಅಗಸ್ತ್ಯ ಅಂತ ಒಬ್ಬ ರುಸಿ ಇದ್ನಂತೆ ಕಣವ್ವ.
ತನ್ಗೆ ಯೆಂಗ್ಬೇಕೋ ಅಂಗೆ ಒಂದು ಹೆಣ್ಣ ಮಾಡ್ಕಂಡ್ನಂತೆ.
ಜಿಂಕೆ ತಾವ ಕಣ್ಣು ಈಸ್ಕಂಡ, ನವಿಲ್ ತಾವ ನಡಿಗೆ,
ದುಂಬಿ ತಾವ ಕಪ್ಪು.
ಕೊಟ್ಟೋವ್ಕೆಲ್ಲ ಅಷ್ಟಷ್ಟು ಕಮ್ಮಿ ಆಗೋಯ್ತು ನೋಡು,
ಅದ್ಕೇಯ ಲೋಪ.
ಆಮ್ಯಾಕೆ ಅವ್ಳು ನೀರಾದ್ಲು.
ಗಂಡ ಕಮಂಡ್ಲದಾಗೆ ಮುಚ್ಚಿಕ್ಕಿದ್ದ, ಕಾಗೆ ಬಂದು ಉರುಳಿಸ್ತು.
ಇಗಾ, ಇವ್ಳೇಯ. ಕೈ ಇಕ್ಕು.’

ಇಕ್ಕಿದೆ.
ಕತ್ತಲಲ್ಲಿ ಬೆರಳ ಸಂದಿಯೊಳಗೆ
ತಣ್ಣಗೆ ಹೋಗುತ್ತಲೇ ಇದ್ದಳು.

‘ಹಂಗಾದ್ರೆ ನೀನು ಕಾಗೇನಾ, ಅಪ್ಪ?’
‘ಇಂಜಿನಿಯರ್ ಸಾಹೇಬ್ರು ಚೀಟಿ ಕೊಟ್ರೆ ಕಾಗೆ,
ಕೊಡ್ನಿಲ್ಲ ಅಂದ್ರೆ ರುಸಿ.’

ಈ ಕಥೆ ಅವನಿಗೆ ಸಿಕ್ಕಿದ್ದು ಪಶ್ಚಿಮವಾಹಿನಿಯಲ್ಲಂತೆ,
ಅಜ್ಜಿಯ ಕರ್ಮಕ್ಕೆ ಹೋದಾಗ, ತಲೆ ಬೋಳಿಸುತ್ತಿದ್ದವನ ಬಾಯಿಂದ.
ಅವ್ವ ಆಗ ಏಳು ತಿಂಗಳು.
ಅರ್ಧ ತಲೆ ಬೋಳಿಸಿಕೊಂಡೇ ಹೆಸರು ಗೊತ್ತುಮಾಡಿಬಿಟ್ಟ.

ಆಮೇಲೆ ನಾನೇ ಓದಿ ತಿಳಿದದ್ದೂ ಉಂಟು:
ಆ ಹೆಣ್ಣು ಬರೀ ಮಾಡಿಸಿಕೊಂಡವಳಲ್ಲ, ಬಾಯಿದ್ದವಳು.
ತಪಸ್ಸು ತಪಸ್ಸು ಅಂತ ಕೂತ ಗಂಡನಿಗೆ
ಮೈ ಮುಪ್ಪಾಗುತ್ತಿದೆ, ಇನ್ನಾದರೂ ಎದ್ದು ಬಾ ಅಂದವಳು.
ಇದನ್ನು ಅಪ್ಪನಿಗೆ ಹೇಳಿಲ್ಲ.

ನನ್ನನ್ನೂ ಅಲ್ಲಿ ಇಲ್ಲಿ ಈಸಿಕೊಂಡೇ ಮಾಡಿದ್ದಾರೆ, ಮಾನ್ಯರೇ.
ಮೈಸೂರಿನ ಹಾಸ್ಟೆಲ್ಲಿಗೆ ಅವ್ವನ ಓಲೆ.
ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಎರಡು ವರ್ಷ ಕಾದಳು,
ಈಗ ತೂತು ಮುಚ್ಚಿಕೊಂಡಿದೆ.
ಅಣ್ಣ ಬಿಟ್ಟ ಪಿಯುಸಿ ನನ್ನ ಬಿ.ಎಡ್.ನೊಳಗೆ ಎಲ್ಲೋ ಇದೆ.

ಇವತ್ತು ಸಾಕ್ಷಿಗೆ ಅಂತ ಅಪ್ಪನೇ ಬಂದ, ಇಸ್ತ್ರಿ ಅಂಗಿ ಹಾಕಿಕೊಂಡು.
ನಿಮ್ಮ ಆಪರೇಟರು ಹೆಬ್ಬೆಟ್ಟು ಇಡಿಸಿದರು. ಕೆಂಪು ದೀಪ.
ಒರೆಸಿ ಮತ್ತೆ ಇಡಿಸಿದರು. ಎಡಗೈ. ತೋರುಬೆರಳು.
ತಲೆಗೆ ಉಜ್ಜಿ ಎಣ್ಣೆ ತಾಗಿಸಿ ಇನ್ನೊಮ್ಮೆ.
‘ಗೆರೇನೇ ಇಲ್ವಲ್ಲಯ್ಯ, ಎಲ್ಲಿ ಕಳ್ಕೊಂಡೆ?’

ಮೂವತ್ತೊಂದು ವರ್ಷ ತಿರುಗಿಸಿದ ಚಕ್ರ.
ಅಪ್ಪ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದ,
ಯಾರದೋ ಬೆರಳು ನೋಡುವವನ ಹಾಗೆ.
ನುಣ್ಣಗಿತ್ತು, ಹೊಳೆಯೊಳಗಿನ ಕಲ್ಲು.

ನನ್ನ ಹೆಸರನ್ನು ಆಗ
ಮೊದಲ ಸಲ ಬಿಡಿಸಿ ಓದಿದೆ.

ಆದ್ದರಿಂದ ತಾವು ದಯಮಾಡಿ
ದೀರ್ಘ ಎರಡನ್ನು ಹಾಕಿಕೊಡಬೇಕು, ಅಷ್ಟೇ.
ಲೋಪ ಇದ್ದ ಹಾಗೇ ಇರಲಿ.
ಬೇಗ ಆದರೆ ಉಪಕಾರ.
ಮೂರೂವರೆಗೆ ನಮ್ಮೂರ ಕಡೆ ಬಸ್ಸಿದೆ,
ಸಂಜೆ ಅವನು ಹೋಗಿ ಗೇಟು ಎತ್ತಬೇಕು.