ಸ್ಥಳ ಪರಿಶೀಲನೆ

ಹಾಳೆಯಲ್ಲಿದ್ದ ವಿಳಾಸಕ್ಕೆ ಮೊದಲು ಹೋದೆ.
ನೆಲ್ಯಹುದಿಕೇರಿ, ಹೊಳೆದಂಡೆ, ಮನೆ ನಂಬರ್ ನಲವತ್ತೊಂದು.
ಅಲ್ಲಿ ನಾಲ್ಕು ಮೆಟ್ಟಿಲಿದ್ದವು.
ಮೆಟ್ಟಿಲ ಮೇಲೆ ಮನೆ ಇರಲಿಲ್ಲ.
ಗಾಳ ಇಳಿಬಿಟ್ಟು ಕೂತಿದ್ದ ಹುಡುಗ
'ಆ ವರ್ಷದ ನೀರಿಗೇ ಹೋಯ್ತಲ್ಲ ಸಾರ್' ಅಂದ,
ಕೇಳಬಾರದ್ದನ್ನು ಕೇಳಿದೆನೋ ಎಂಬಂತೆ.

ಸೈನುದ್ದೀನನ ಆಧಾರ್ ಕಾರ್ಡಿನಲ್ಲಿ ಆ ಮನೆ ಇನ್ನೂ ಇದೆ.
ಮದುವೆ ಸರ್ಟಿಫಿಕೇಟಿನಲ್ಲಿದೆ.
ಅವನ ಹೆಂಡತಿಯ ವೀಸಾ ಅರ್ಜಿಯಲ್ಲಿ,
ಮಡಿಕೇರಿಯ ಎಸ್‌ಪಿ ಆಫೀಸಿನ ಕಡತದಲ್ಲಿ
ಹೆಂಚು ಬಾಗಿಲು ಸಮೇತ ಗಟ್ಟಿ ನಿಂತಿದೆ.

ಈಗಿನ ಬಾಡಿಗೆ ಮನೆ ಸಿದ್ದಾಪುರದ ಕಡೆ, ಗ್ಯಾರೇಜಿನ ಹಿಂದೆ.
ದಾರಿಯಲ್ಲಿ ಎರಡು ಆನೆ, ಒಂದು ಮರಿ.
ಬೈಕು ಆಫ್ ಮಾಡಿ ಇಪ್ಪತ್ತು ನಿಮಿಷ ನಿಂತೆ.
ಈ ತೋಟದಿಂದ ಆ ತೋಟಕ್ಕೆ ದಾಟಿದವು.
ನಾನೇನೂ ಕೇಳಲಿಲ್ಲ.

'ಹೆಸರು?'
'ಚಾಲ್ತು.'
'ಅರ್ಜಿ ಚಾಲ್ತಿಯಲ್ಲಿರೋದು ಗೊತ್ತಮ್ಮ, ಹೆಸರು ಹೇಳು.'
'ಹೆಸರೇ ಅದು ಸಾರ್' ಎಂದು ಗಂಡ ನಕ್ಕ.
ಊರು ಜಿಮ್ಮಾ, ದೇಶ ಇಥಿಯೋಪಿಯಾ.
ಜೆದ್ದಾದ ಒಂದೇ ಮನೆಯಲ್ಲಿ ಇವನು ಡ್ರೈವರು, ಅವಳು ಅಡುಗೆ.
ಅದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.

ಇರುವ ಕಾಲಂ ಇದು:
ಸದರಿ ವಿದೇಶೀಯರು ಸದರಿ ವಿಳಾಸದಲ್ಲಿ ವಾಸವಿರುವುದು ನಿಜವೇ?
ವಾಸಕ್ಕೆ ಸಾಕ್ಷಿ ಯಾವುದು?
ಹೊಸಿಲ ಪಕ್ಕ ಹಿಮ್ಮಡಿ ಸವೆದ ಚಪ್ಪಲಿ.
ಸಿಲಿಂಡರು ಬಂದ ತಾರೀಖುಗಳು ಗೋಡೆಯ ಮೇಲೆ,
ಅಕ್ಷರ ಇಂಗ್ಲಿಷು, ಮಾತು ಬೇರೆ ಯಾವುದೋ.
ಅಷ್ಟರಲ್ಲಿ ಪಕ್ಕದ ಮನೆಯ ಲೀಲಕ್ಕ
ಕೂಗದೆ, ಕೇಳದೆ ಒಳಗೆ ಬಂದು
ತನ್ನದೇ ಬೋಗುಣಿ ಹುಡುಕಿ ಎತ್ತಿಕೊಂಡು
ನನ್ನ ಖಾಕಿಯನ್ನೊಮ್ಮೆ ನೋಡಿ ಹೋದಳು.
ಅದನ್ನು ಹೇಗೆ ಬರೆಯುವುದು?

ಬಾಣಲೆಯಲ್ಲಿ ಬೀಜ ಹುರಿದು, ಹೊಗೆಯನ್ನು ನಮ್ಮ ಕಡೆ ಬೀಸಿ,
ಒರಳಲ್ಲಿ ಕುಟ್ಟಿದಳು.
ನಾನು ಸಿಂದಗಿಯವ, ಚಹಾ ಕುಡಿದು ಬೆಳೆದವ.
ತಿಳಿದವನಂತೆ ಕಿಟಕಿಯತ್ತ ಕೈ ಮಾಡಿ
'ನಿಮ್ಮ ಕಡೆಯ ಗಿಡ ಅಲ್ಲವೇನಮ್ಮ ಇದು?' ಎಂದೆ.
'ಅಲ್ಲ. ಇದು ರೊಬಸ್ಟಾ' ಎಂದಳು,
ಮಲಯಾಳ ಬೆರೆತ ಕನ್ನಡದಲ್ಲಿ.
'ನಮ್ಮದು ಅರೇಬಿಕಾ. ಇದು ಬೇರೆ ದೇಶದ್ದು. ಕಹಿ.'

ಅವರಲ್ಲಿ ಮೂರು ಲೋಟ ಕುಡಿಯಬೇಕಂತೆ,
ಮಧ್ಯೆ ಎದ್ದರೆ ಜಗಳವಾಡಿದ ಹಾಗೆ.
ಎರಡನೆಯದನ್ನು ಬಗ್ಗಿಸುತ್ತಾ ಕೇಳಿದಳು:
ಅಮ್ಮನಿಗೆ ಕಣ್ಣು ಹೋಗುತ್ತಿದೆ,
ಪೂರ್ತಿ ಹೋಗುವ ಮೊದಲು ಒಮ್ಮೆ ಮುಖ ತೋರಿಸಬೇಕು.
'ಹೋಗಿ ಬರಬಹುದಾ ಸಾರ್?'

ಹೋಗುವುದಕ್ಕೆ ಒಂದು ಚೀಟಿ.
ಬರುವುದಕ್ಕೆ ಬೇರೆ ಆಫೀಸು, ಬೇರೆ ದೇಶ, ಬೇರೆ ಸರದಿ.
ಲೀಲಕ್ಕ ಅವಳಿಗೆ ಕಲಿಸಿದ್ದಾಳೆ,
ಹೊರಡುವಾಗ ಹೋಗ್ತೀನಿ ಅನ್ನಬಾರದು,
ಬರ್ತೀನಿ ಅನ್ನಬೇಕು.
ನಮ್ಮ ಮಾತು ಹೊಲಿದಿಟ್ಟ ಎರಡನ್ನು
ಯಾರು ಎಲ್ಲಿ ಕತ್ತರಿಸಿದರೋ, ನನಗೆ ಗೊತ್ತಿಲ್ಲ.
'ಮಡಿಕೇರಿಯಲ್ಲಿ ಕೇಳಿ' ಅಂದೆ.
ಎಲ್ಲರೂ ಹಾಗೇ ಅಂದಿದ್ದರಂತೆ. ಮಡಿಕೇರಿಯವರು
ನಿಮ್ಮ ಠಾಣೆಯಲ್ಲಿ ಕೇಳಿ ಅಂದಿದ್ದರಂತೆ.

ನನ್ನದೂ ಒಂದು ಕಡತವಿದೆ ಬೆಂಗಳೂರಲ್ಲಿ,
ಪತಿ ಪತ್ನಿ ಪ್ರಕರಣ, ವರ್ಗಾವಣೆ ಕೋರಿಕೆ, ಆರನೇ ವರ್ಷ.
ಅವಳಿಗೆ ಹೇಳಲಿಲ್ಲ.
ಅಂಗನವಾಡಿ ಮುಗಿಸಿ ನನ್ನಾಕಿ ದಿನಾ ಒಂಬತ್ತಕ್ಕೆ ಫೋನ್ ಮಾಡಿ
'ಏನಂದ್ರು?' ಅಂತಾಳೆ.

ವಾಕಿಟಾಕಿ ಕರೆಯಿತು, ಎದ್ದೆ.
ಅಭ್ಯಾಸ, ಬಾಗಿಲಲ್ಲಿ 'ಬರ್ತೀನಿ' ಅಂದುಬಿಟ್ಟೆ.
ಪೊಲೀಸಿನವನು ಹಾಗಂದರೆ ಜನ ಬೆವರುತ್ತಾರೆ.
ಸೈನುದ್ದೀನ್ ಬೆವರಿದ.
ಅವಳು ಮಾತ್ರ ತಲೆಯಾಡಿಸಿ, ಮಗುವಿನ ತಪ್ಪನ್ನು ಎಣಿಸುವವಳಂತೆ
ಮೂರು ಬೆರಳು ಎತ್ತಿ ತೋರಿಸಿದಳು.

ಠಾಣೆಗೆ ಬಂದು ವರದಿ ಬರೆದೆ:
'ನಮೂದಿತ ವಿಳಾಸದಲ್ಲಿ ಮನೆ ಇರುವುದಿಲ್ಲ.
ಸದರಿಯವರು ಇರುತ್ತಾರೆ.'
ಎಎಸ್‌ಐ ಸಾಹೇಬರು ಎರಡು ಸಲ ಓದಿ
ಕನ್ನಡಕ ತೆಗೆದು ನನ್ನನ್ನು ನೋಡಿದರು.
ಎರಡನೇ ಸಾಲಿನ ಕೆಳಗೆ ಕೆಂಪು ಗೀಟು:
ಪುನಃ ಪರಿಶೀಲಿಸಿ.

ಗುರುವಾರ ಮತ್ತೆ ಹೋಗಬೇಕು.
ಆನೆಗಳಿಲ್ಲದಿದ್ದರೆ ಹತ್ತು ಗಂಟೆಗೆ.